ಮಳೆಯಲ್ಲಿ ನಿಲ್ಲುವ ಬೈಕು, ಶೋರೂಮಿನಲ್ಲಿ ‘ಏನೂ ಪ್ರಾಬ್ಲಮ್ ಇಲ್ಲ’: ವಾರಂಟಿ ಕೇಳುವುದು ಹೇಗೆ?

ಆಗುಂಬೆ ಕಡೆ ಜುಲೈ ಮಳೆಯಲ್ಲಿ ಹೊಸ ಬೈಕು ಕೈಕೊಡುತ್ತದೆ. ಮಾರನೇ ದಿನ ಶಿವಮೊಗ್ಗಕ್ಕೆ ತಂದರೆ ಒಂದೇ ಸಲ ಸೆಲ್ಫ್ ಒತ್ತಿದರೆ ಸ್ಟಾರ್ಟ್! ಸರ್ವಿಸ್ ಸೆಂಟರಿನವರು ಒಂದು ರೌಂಡ್ ಹೊಡೆದು ಬಂದು, ‘ಏನೂ ಪ್ರಾಬ್ಲಮ್ ಇಲ್ಲ ಸರ್, ತಗೊಂಡು ಹೋಗಿ’ ಅನ್ನುತ್ತಾರೆ. ಅವರು ಸುಳ್ಳು ಹೇಳುತ್ತಿರಬೇಕು ಅಂತೇನಿಲ್ಲ. ಅಷ್ಟು ಹೊತ್ತಿಗೆ ನೀರು ಹೊಕ್ಕ ಕನೆಕ್ಟರ್ (ವೈರುಗಳನ್ನು ಜೋಡಿಸುವ ಪ್ಲಗ್ಗು) ಒಣಗಿರುತ್ತದೆ. ತೀರ್ಥಹಳ್ಳಿಯಿಂದ ಆಚೆ ಸುರಿಯುವ ಮಳೆಗೂ ಶಿವಮೊಗ್ಗ ಪೇಟೆಯ ಮಳೆಗೂ ಅಜಗಜಾಂತರ ಅಲ್ವಾ?

ಮಲೆನಾಡಿನಲ್ಲಿ ವಾರಂಟಿ ಜಗಳ ಶುರುವಾಗುವುದೇ ಇಲ್ಲಿ. ಗಾಡಿ ಕೆಡುವ ಜಾಗ ಒಂದು, ಅದನ್ನು ನೋಡುವ ಜಾಗ ಇನ್ನೊಂದು. ಹಾಗಾಗಿ ಕೆಟ್ಟ ಜಾಗದ ಸಾಕ್ಷಿಯನ್ನು ನೀವೇ ಹೊತ್ತು ತರಬೇಕು.

ಮೊದಲು ವಾರಂಟಿ ಪುಸ್ತಕ ಓದಿ

ವರ್ಷ, ಕಿಲೋಮೀಟರ್ ಎರಡೂ ಬರೆದಿರುತ್ತವೆ. ಯಾವುದು ಮೊದಲು ಮುಗಿಯುತ್ತದೋ ಅಲ್ಲಿಗೆ ವಾರಂಟಿ ಮುಗಿಯಿತು. ಬ್ರೇಕ್ ಪ್ಯಾಡ್, ಕ್ಲಚ್ ಪ್ಲೇಟ್, ಚೈನ್, ಕೇಬಲ್, ಬಲ್ಬ್ ಸಾಮಾನ್ಯವಾಗಿ ಲೆಕ್ಕಕ್ಕೆ ಬರುವುದಿಲ್ಲ. ಬ್ಯಾಟರಿ, ಟೈರಿಗೆ ಅವುಗಳನ್ನು ಮಾಡಿದ ಕಂಪನಿಯ ವಾರಂಟಿ ಬೇರೆ ಇರುತ್ತದೆ. ತುಕ್ಕಿನ ವಿಷಯದಲ್ಲಿ ಹೆಚ್ಚಿನ ಕಂಪನಿಗಳು ಕೈ ತೊಳೆದುಕೊಳ್ಳುತ್ತವೆ.

ಎರಡು ಕಡೆ ನಮ್ಮವರು ಸಿಕ್ಕಿಬೀಳುತ್ತಾರೆ. ಒಂದು, ಊರಿನ ಸಬ್ ಡೀಲರ್ ಹತ್ತಿರ ಮಾಡಿಸಿದ ಸರ್ವಿಸ್. ಅದು ಕಂಪನಿಯ ಕಂಪ್ಯೂಟರಿಗೆ ಏರಿದೆಯಾ ಅಂತ ಆಗಲೇ ಕೇಳಿ, ಬಿಲ್ ಇಟ್ಟುಕೊಳ್ಳಿ. ಇನ್ನೊಂದು, ಫಾಗ್ ಲ್ಯಾಂಪ್. ಘಾಟಿಯ ಮಂಜಿಗೆ ಅದು ಬೇಕೇ ಬೇಕು, ಒಪ್ಪೋಣ. ಆದರೆ ವೈರ್ ಕತ್ತರಿಸಿ ಟೇಪ್ ಸುತ್ತಿದರೆ ಎಲೆಕ್ಟ್ರಿಕಲ್ ವಾರಂಟಿಗೆ ನೀವೇ ಎಳ್ಳುನೀರು ಬಿಟ್ಟ ಹಾಗೆ. ಕಂಪನಿಯ ಲ್ಯಾಂಪನ್ನೇ ಶೋರೂಮಿನಲ್ಲಿ ಹಾಕಿಸಿ ಬಿಲ್ ಪಡೆಯಿರಿ.

ಮನೆಯಲ್ಲೇ ಎರಡು ಜಾಗ ನೋಡಿ

ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆಯಿರಿ. ಹೆಚ್ಚಿನ ಬೈಕುಗಳಲ್ಲಿ ಬಾಯಿಯ ಸುತ್ತ ಸಣ್ಣ ತಗ್ಗು, ಅದರಲ್ಲೊಂದು ಪುಟ್ಟ ತೂತು ಕಾಣುತ್ತದೆ. ಮುಚ್ಚಳದ ಸುತ್ತ ಬಿದ್ದ ಮಳೆನೀರು ಈ ತೂತಿನಿಂದ ಪೈಪಿನಲ್ಲಿಳಿದು ನೆಲಕ್ಕೆ ಹೋಗಬೇಕು. ತೂತಿನಲ್ಲಿ ಕೆಮ್ಮಣ್ಣು ಕಟ್ಟಿಕೊಂಡರೆ ನೀರು ಅಲ್ಲೇ ನಿಂತು ಮೆಲ್ಲಗೆ ಟ್ಯಾಂಕಿಗೆ ಇಳಿಯುತ್ತದೆ. ಈಗಿನ ಪೆಟ್ರೋಲಿನಲ್ಲಿ ಶೇ 20ರವರೆಗೂ ಎಥೆನಾಲ್ ಇದೆ. ನೀರು ಜಾಸ್ತಿಯಾದರೆ ಎಥೆನಾಲ್ ಅದರ ಜೊತೆ ಸೇರಿ ತಳಕ್ಕೆ ಕೂರುತ್ತದೆ, ಪಂಪು ಎಳೆಯುವುದೂ ತಳದಿಂದಲೇ. ಆಮೇಲೆ ‘ಟ್ಯಾಂಕಿಗೆ ನೀರು ಹೋಗಿದೆ, ವಾರಂಟಿ ಬರಲ್ಲ’ ಅನ್ನಲು ಎಷ್ಟು ಹೊತ್ತು? ಟ್ಯಾಂಕಿನ ಬಾಯಿಗೆ ಬಟ್ಟೆ ಮುಚ್ಚಿ, ತೋಟದ ಹುಲ್ಲು ಹೊಡೆಯುವ ಮೆಷಿನ್ನಿನ ತೆಳ್ಳಗಿನ ನೈಲಾನ್ ದಾರವನ್ನು ಆ ತೂತಿನಲ್ಲಿ ಆಡಿಸಿದರೆ ಸಾಕು.

ಎರಡನೆಯದು ಸೈಡ್ ಸ್ಟ್ಯಾಂಡ್ ಸ್ವಿಚ್. ಸ್ಟ್ಯಾಂಡ್ ಕೆಳಗಿದ್ದರೆ ಎಂಜಿನ್ ಆಫ್ ಮಾಡುವ ಈ ಸ್ವಿಚ್ ಇರುವುದು ಕೆಸರು ಸಿಡಿಯುವ ಜಾಗದಲ್ಲೇ. ಸ್ಟ್ಯಾಂಡ್ ಮೇಲಿದ್ದರೂ ಮೀಟರಿನಲ್ಲಿ ಅದರ ಗುರುತು ಮಿಣುಕುತ್ತಿದ್ದರೆ ಕಳ್ಳ ಸಿಕ್ಕಿದ ಅಂತಲೇ ತಿಳಿಯಿರಿ. ತೊಳೆದ ಮೇಲೂ ಹಾಗೇ ಆದರೆ ಅದು ವಾರಂಟಿಯಲ್ಲಿ ಕೇಳಬೇಕಾದ ಪಾರ್ಟು.

ನಿಂತ ಕೂಡಲೇ ವಿಡಿಯೊ

ಗಾಡಿ ಪಕ್ಕಕ್ಕೆ ಹಾಕಿ ಫೋನ್ ತೆಗೆಯಿರಿ. ಒಂದೇ ಓಟದ ವಿಡಿಯೊದಲ್ಲಿ ಓಡಿದ ಕಿಲೋಮೀಟರ್, ಹತ್ತಿದ ಲೈಟು, ಸುರಿಯುವ ಮಳೆ, ಸೆಲ್ಫ್ ಒತ್ತಿದಾಗಿನ ಸದ್ದು ಎಲ್ಲ ಬರಲಿ. ಒರಿಜಿನಲ್ ಫೈಲ್ ಫೋನಿನಲ್ಲೇ ಇರಲಿ. ವಾಟ್ಸಾಪಿನಲ್ಲಿ ಮಾಮೂಲಿಯಾಗಿ ಕಳಿಸಿದ ವಿಡಿಯೊದಲ್ಲಿ ತೆಗೆದ ಹೊತ್ತು, ಜಾಗದ ವಿವರ ಉಳಿಯುವುದಿಲ್ಲ.

2020ರ ಏಪ್ರಿಲ್ 1ರಿಂದ ಬಂದ ಬಿಎಸ್6 (ಹೊಸ ಹೊಗೆ ನಿಯಮದ) ಬೈಕುಗಳಲ್ಲಿ ಎಂಜಿನ್ ಲೈಟ್ ಹತ್ತಿದರೆ ತಪ್ಪಿನ ಕೋಡ್ ಒಳಗಿನ ಕಂಪ್ಯೂಟರಿನಲ್ಲಿ ದಾಖಲಾಗುತ್ತದೆ. ಯಾರಾದರೂ ‘ಬ್ಯಾಟರಿ ವೈರ್ ಒಂದ್ಸಲ ತೆಗೆದು ಹಾಕಿ, ಸರಿಹೋಗುತ್ತೆ’ ಅಂದರೆ ಕೇಳಬೇಡಿ. ಲೈಟಿನ ಜೊತೆ ಸಾಕ್ಷಿಯೂ ಅಳಿಸಿಹೋಗಬಹುದು.

ಜಾಬ್ ಕಾರ್ಡೇ ಜೀವಾಳ

ಗಾಡಿ ಬಿಡುವಾಗ ನಿಮ್ಮ ದೂರು ಬರೆದುಕೊಳ್ಳುವ ಚೀಟಿಯೇ ಜಾಬ್ ಕಾರ್ಡ್. ಕೌಂಟರಿನವರು ಅದರಲ್ಲಿ ಅವಸರದಲ್ಲಿ ‘ಸ್ಟಾರ್ಟಿಂಗ್ ಪ್ರಾಬ್ಲಮ್’ ಅಂತಲೋ ‘ಜನರಲ್ ಚೆಕಪ್’ ಅಂತಲೋ ಟೈಪ್ ಮಾಡಿ ಸಹಿಗೆ ಕೊಡುತ್ತಾರೆ. ಸುಮ್ನೆ ಸಹಿ ಹಾಕಬೇಡಿ. ಹೀಗೆ ಬರೆಸಿ: ‘ಮಳೆಯಲ್ಲಿ ಅರ್ಧ ಗಂಟೆ ಓಡಿದ ಮೇಲೆ ಎಂಜಿನ್ ತಾನಾಗಿ ಆಫ್. ಎಂಜಿನ್ ಲೈಟ್ ಹತ್ತುತ್ತದೆ. ಹತ್ತು ನಿಮಿಷ ಬಿಟ್ಟರೆ ಸ್ಟಾರ್ಟ್. ವಿಡಿಯೊ ತೋರಿಸಿದೆ.’ ಕಿಲೋಮೀಟರ್, ತಾರೀಖು ಸರಿ ಇವೆಯಾ ನೋಡಿ, ಫೋಟೊ ತೆಗೆದುಕೊಳ್ಳಿ.

ಆಮೇಲೆ ಮೂರು ಮಾತು ಕೇಳಿ. ತಪ್ಪಿನ ಕೋಡ್ ಓದುವ ಸ್ಕ್ಯಾನರ್ ಹಾಕಿದಾಗ ಪರದೆಯ ಫೋಟೊ ಬೇಕು. ಎಂಜಿನ್ ಓಡುವಾಗ ಕನೆಕ್ಟರುಗಳ ಮೇಲೆ ನೀರು ಚಿಮುಕಿಸಿ ನನ್ನೆದುರೇ ನೋಡಿ. ಅದಕ್ಕೂ ಸಿಗದಿದ್ದರೆ ಗಾಡಿ ಇಲ್ಲೇ ಇರಲಿ, ಬೆಳಗ್ಗೆ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿ ನೋಡಿ. ‘ವಾಟರ್ ವಾಶ್ ಬೇಡ’ ಅಂತಲೂ ಬರೆಸಿ. ಆ ಪ್ರೆಷರ್ ಗನ್ನು ಆಗುಂಬೆಯ ಮಳೆಗೂ ಆಗದ ಕೆಲಸವನ್ನು ಎರಡೇ ನಿಮಿಷದಲ್ಲಿ ಮಾಡಿಬಿಡುತ್ತದೆ.

ತಪ್ಪು ಸಿಗಲಿಲ್ಲ ಅಂದರೆ ಅದನ್ನೂ ಬರಹದಲ್ಲಿ ಕೊಡಲಿ. ಎಲ್ಲರೂ ಎಡವುವುದು ಇಲ್ಲೇ. ಬಾಯಿಮಾತಿಗೆ ತಲೆಯಾಡಿಸಿ ಹೊರಟರೆ, ಮುಂದಿನ ಸಲ ಬಂದಾಗ ಅದೇ ಮೊದಲ ದೂರು. ದಾಖಲಾಗಿದ್ದರೆ, ವಾರಂಟಿ ಮುಗಿದ ಮೇಲೂ ‘ಅವಧಿಯೊಳಗೇ ಹೇಳಿದ್ದೆ’ ಅಂತ ತೋರಿಸಬಹುದು.

ಪಾರ್ಟು ಬದಲಿಸಿದರೆ ಸೊನ್ನೆ ರೂಪಾಯಿಯ ಬಿಲ್ಲಾದರೂ ಸರಿ, ಪಾರ್ಟ್ ನಂಬರ್ ಸಮೇತ ಪಡೆಯಿರಿ. ಹಳೆಯದು ಸಾಮಾನ್ಯವಾಗಿ ಕಂಪನಿಗೆ ವಾಪಸ್ ಹೋಗುತ್ತದೆ, ಫೋಟೊ ಇರಲಿ. ‘ಫೀಡ್‌ಬ್ಯಾಕ್ ಕಾಲ್ ಬರುತ್ತೆ, ಹತ್ತಕ್ಕೆ ಹತ್ತು ಕೊಡಿ ಸರ್’ ಅಂದರೆ ಒಂದು ಮಳೆ ಕಳೆಯಲಿ ಅನ್ನಿ.

ಅದೇ ತೊಂದರೆ ಮರುಕಳಿಸಿದರೆ

ಶೋರೂಮಿನಲ್ಲಿ ಗಂಟಲು ಹರಿದುಕೊಂಡು ಪ್ರಯೋಜನವಿಲ್ಲ. ಜಾಬ್ ಕಾರ್ಡುಗಳನ್ನು ಸೇರಿಸಿ ಕಂಪನಿಗೇ ಇಮೇಲ್ ಮಾಡಿ, ದೂರಿನ ನಂಬರ್ ಪಡೆಯಿರಿ. ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಕನ್ನಡದಲ್ಲೇ ಮಾತಾಡಬಹುದು. ಅದು ತೀರ್ಪು ಕೊಡುವುದಿಲ್ಲ, ದೂರನ್ನು ಕಂಪನಿಗೆ ದಾಟಿಸಿ ಉತ್ತರ ಕೇಳುತ್ತದೆ.

ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗ. 2019ರ ಕಾಯ್ದೆಯ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಬೈಕು ಕೊಂಡದ್ದು ಶಿವಮೊಗ್ಗದಲ್ಲಾದರೂ ಕೊಪ್ಪ, ಶೃಂಗೇರಿಯವರು ಚಿಕ್ಕಮಗಳೂರಿನಲ್ಲಿ ಹಾಕಬಹುದು. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ವಕೀಲರು ಬೇಕೇ ಬೇಕು ಅಂತಿಲ್ಲ. ಗಡುವು 2 ವರ್ಷ. ಡೀಲರ್, ಕಂಪನಿ ಇಬ್ಬರನ್ನೂ ಎದುರುದಾರರಾಗಿ ಮಾಡಿ.

ತಯಾರಿಕೆಯಲ್ಲೇ ದೋಷ ಇದೆ ಅಂತ ಸಾಬೀತು ಮಾಡುವುದು ಕಷ್ಟದ ದಾರಿ. ಪರಿಣತರ ವರದಿ ಬೇಕಾಗಬಹುದು. ಅದೇ ದೂರಿಗೆ ಮತ್ತೆ ಮತ್ತೆ ಬಂದರೂ ಸರಿಮಾಡಲಿಲ್ಲ ಅನ್ನುವ ಸೇವಾ ನ್ಯೂನತೆಗೆ ನಿಮ್ಮ ಜಾಬ್ ಕಾರ್ಡುಗಳೇ ಮಾತಾಡುತ್ತವೆ. ದೂರಿನಲ್ಲಿ ಎರಡನ್ನೂ ಬರೆಯಿರಿ, ಒತ್ತು ಎರಡನೆಯದಕ್ಕಿರಲಿ.

ಅಲ್ಲಿಯವರೆಗೆ ಬೈಕನ್ನು ಹೊರಗಿನ ಗ್ಯಾರೇಜಿನಲ್ಲಿ ಬಿಚ್ಚಿಸಬೇಡಿ. ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನ ಒಳ್ಳೆಯ ಮೆಕ್ಯಾನಿಕ್ ಒಂದೇ ದಿನದಲ್ಲಿ ಸರಿ ಮಾಡಿಯಾನು, ಆದರೆ ಕಂಪನಿಗೆ ‘ಬೇರೆಯವರು ಕೈ ಹಾಕಿದ್ದಾರೆ’ ಅನ್ನುವ ನೆಪ ಸಿಕ್ಕಿಬಿಡುತ್ತದೆ. ಗಾಡಿ ಇಲ್ಲದೆ ನಡೆಯುವುದೇ ಇಲ್ಲ ಅಂದರೆ, ವಾರಂಟಿಯಲ್ಲಿ ಮಾಡಲ್ಲ ಅನ್ನುವುದನ್ನು ಡೀಲರಿನಿಂದ ಮೊದಲು ಬರಹದಲ್ಲಿ ಪಡೆಯಿರಿ. ಆಮೇಲೆ ರಿಪೇರಿ ಮಾಡಿಸಿ ಬಿಲ್ ತೆಗೆದುಕೊಳ್ಳಿ, ಬಿಚ್ಚಿದ ಪಾರ್ಟನ್ನು ಎಸೆಯದೆ ಎತ್ತಿಡಿ.