ಟೈಪ್-ಸಿ ಕೇಬಲ್ ಕೊಳ್ಳುವ ಮುನ್ನ: ಯಾವ ಪೋರ್ಟ್ ಉಳಿಯುತ್ತದೆ, ಯಾವುದು ಹೋಗುತ್ತದೆ

ಫೋನ್ ಜೊತೆ ಬಂದ ಟೈಪ್-ಸಿ ಕೇಬಲ್ ತೆಗೆದುಕೊಂಡು ಲ್ಯಾಪ್‌ಟಾಪ್‌ನಿಂದ ಮಾನಿಟರ್‌ಗೆ ಜೋಡಿಸಿದರೆ ಪರದೆ ಕಪ್ಪಾಗಿಯೇ ಉಳಿಯುತ್ತದೆ. ಅದೇ ಕೇಬಲ್‌ನಲ್ಲಿ ಚಾರ್ಜಿಂಗ್ ಮಾತ್ರ ಸರಿಯಾಗಿ ಆಗುತ್ತದೆ. ಇಲ್ಲಿ ಯಾವುದೂ ಕೆಟ್ಟಿಲ್ಲ. ಟೈಪ್-ಸಿ ಅಂದರೆ 2014ರಲ್ಲಿ ಗೊತ್ತುಪಡಿಸಿದ, 24 ಪಿನ್‌ಗಳ ಒಂದು ಪ್ಲಗ್‌ನ ಆಕಾರ, ಅಷ್ಟೇ. ಅದರೊಳಗೆ ಯುಎಸ್‌ಬಿ 2.0 ಹರಿಯಬಹುದು, ಯುಎಸ್‌ಬಿ 4 ಹರಿಯಬಹುದು, ಮಾನಿಟರ್‌ಗೆ ಚಿತ್ರ ಸಾಗಿಸುವ ಡಿಸ್‌ಪ್ಲೇಪೋರ್ಟ್ ಅಥವಾ ಇಂಟೆಲ್‌ನ ವೇಗದ ಥಂಡರ್‌ಬೋಲ್ಟ್ ಹರಿಯಬಹುದು. ಫೋನ್ ಜೊತೆ ಬರುವ ಬಹುತೇಕ ಕೇಬಲ್‌ಗಳಲ್ಲಿ ವೇಗದ ತಂತಿಗಳೇ ಇರುವುದಿಲ್ಲ. ಹಾಗಾಗಿ ಚಿತ್ರ ಹೋಗಲು ಅಲ್ಲಿ ದಾರಿಯೇ ಇಲ್ಲ.

ಆಕಾರ ಬೇರೆ, ಒಳಗಿನ ಮಾನದಂಡ ಬೇರೆ. ಇದು ಗೊತ್ತಿದ್ದರೆ ಅಂಗಡಿಯಲ್ಲಿ ದುಡ್ಡು ಉಳಿಯುತ್ತದೆ. ಯಾವ ಪೋರ್ಟ್ ಬಾಳುತ್ತದೆ, ಯಾವುದು ಮರೆಯಾಗುತ್ತದೆ ಎಂದು ಅಂದಾಜಿಸುವುದಕ್ಕೂ ಇದೇ ಆಧಾರ.

ಹೆಜ್ಜೆ 1: ಪೋರ್ಟ್ ಪಕ್ಕದ ಗುರುತು ಓದಿ

ಟೈಪ್-ಸಿ ಪೋರ್ಟ್ ಪಕ್ಕದಲ್ಲಿ ಮಿಂಚಿನ ಬಾಣದ ಗುರುತಿದ್ದರೆ ಅದು ಥಂಡರ್‌ಬೋಲ್ಟ್. ಡೇಟಾ, ಚಿತ್ರ ಎರಡೂ ಅದರಲ್ಲಿ ಹೋಗುತ್ತವೆ. ‘ಡಿಪಿ’ (ಡಿಸ್‌ಪ್ಲೇಪೋರ್ಟ್) ಗುರುತಿದ್ದರೆ ಮಾನಿಟರ್ ಜೋಡಿಸಬಹುದು. 5, 10, 20, 40 ಎಂಬ ಅಂಕಿಗಳು ಸೆಕೆಂಡಿಗೆ ಎಷ್ಟು ಗಿಗಾಬಿಟ್ ಎಂಬುದನ್ನು ಹೇಳುತ್ತವೆ. ಬ್ಯಾಟರಿ ಅಥವಾ ಪ್ಲಗ್‌ನ ಚಿತ್ರ ಚಾರ್ಜಿಂಗ್‌ಗೆ ಸಂಬಂಧಿಸಿದ್ದು. ಗುರುತೇ ಇಲ್ಲದ ಲ್ಯಾಪ್‌ಟಾಪ್‌ಗಳೂ ಬಹಳ ಇವೆ. ಆಗ ತಯಾರಕರ ಜಾಲತಾಣದಲ್ಲಿ ನಿಮ್ಮ ಪೂರ್ತಿ ಮಾಡೆಲ್ ಸಂಖ್ಯೆ ಹಾಕಿ ತಾಂತ್ರಿಕ ವಿವರ ತೆಗೆಯಿರಿ. ಒಂದೇ ಹೆಸರಿನ ಸರಣಿಯಲ್ಲೂ ಮಾಡೆಲ್‌ನಿಂದ ಮಾಡೆಲ್‌ಗೆ ಪೋರ್ಟ್ ಬದಲಾಗುತ್ತದೆ. ಒಂದೇ ಲ್ಯಾಪ್‌ಟಾಪ್‌ನ ಎರಡು ಟೈಪ್-ಸಿ ಪೋರ್ಟ್‌ಗಳು ಬೇರೆಬೇರೆ ಆಗಿರುವುದೂ ಉಂಟು.

ಹೆಜ್ಜೆ 2: ಕೇಬಲ್‌ನಲ್ಲಿ ಎರಡು ಅಂಕಿ ಕೇಳಿ

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಂಡರೂ ಆನ್‌ಲೈನ್‌ನಲ್ಲಿ ಕೊಂಡರೂ ‘ಫಾಸ್ಟ್ ಕೇಬಲ್’ ಎಂಬ ಮಾತಿಗೆ ಬೆಲೆ ಕೊಡಬೇಡಿ. ಎಷ್ಟು ಗಿಗಾಬಿಟ್, ಎಷ್ಟು ವ್ಯಾಟ್ ಎಂದು ಕೇಳಿ. ಎರಡೂ ಅಂಕಿ ಪೊಟ್ಟಣದ ಮೇಲೆ ಇರಬೇಕು.

ಸಾಮಾನ್ಯ ಸಿ-ಟು-ಸಿ ಕೇಬಲ್ 3 ಆಂಪಿಯರ್, ಅಂದರೆ 60 ವ್ಯಾಟ್‌ವರೆಗೆ ತಾಳುತ್ತದೆ. ಅದಕ್ಕಿಂತ ಹೆಚ್ಚು ಬೇಕಾದರೆ ಕೇಬಲ್ ಒಳಗೆ ‘ಇ-ಮಾರ್ಕರ್’ ಎಂಬ ಪುಟ್ಟ ಚಿಪ್ ಇರಬೇಕು. ತಾನು 5 ಆಂಪಿಯರ್ ತಾಳಬಲ್ಲೆ ಎಂದು ಚಾರ್ಜರ್‌ಗೆ ತಿಳಿಸುವುದು ಅದೇ ಚಿಪ್. ಅದು ಇಲ್ಲದ ಕೇಬಲ್ ಹಾಕಿದರೆ 100 ವ್ಯಾಟ್ ಚಾರ್ಜರ್ ಕೂಡ 60ಕ್ಕೇ ನಿಲ್ಲುತ್ತದೆ. ಕೆಲಸ ಮಾಡುತ್ತಿರುವ ಲ್ಯಾಪ್‌ಟಾಪ್‌ನ ಬ್ಯಾಟರಿ ಚಾರ್ಜರ್ ಹಾಕಿದ್ದರೂ ಇಳಿಯುವುದಕ್ಕೆ ಇದೊಂದು ಕಾರಣ. 2021ರಲ್ಲಿ ಗರಿಷ್ಠ ಮಿತಿ 240 ವ್ಯಾಟ್‌ಗೆ ಏರಿದೆ. ಈಗ ಕೊಳ್ಳುವುದಾದರೆ 240 ವ್ಯಾಟ್ ಎಂದು ಬರೆದದ್ದನ್ನೇ ತೆಗೆದುಕೊಳ್ಳಿ.

ಉದ್ದದಲ್ಲಿ ದುರಾಸೆ ಬೇಡ. ಒಳಗೆ ಚಿಪ್‌ಗಳ ನೆರವಿಲ್ಲದ ಸಾದಾ ಕೇಬಲ್‌ನಲ್ಲಿ 40 ಗಿಗಾಬಿಟ್ ವೇಗ ಸಿಗುವುದು ಸುಮಾರು 80 ಸೆಂಟಿಮೀಟರ್‌ವರೆಗೆ. 10 ಗಿಗಾಬಿಟ್‌ಗೆ 1 ಮೀಟರ್. ಯುಎಸ್‌ಬಿ 2.0 ಆದರೆ 4 ಮೀಟರ್‌ವರೆಗೂ ನಡೆಯುತ್ತದೆ. 2 ಮೀಟರ್ ಉದ್ದ, 40 ಗಿಗಾಬಿಟ್ ಎಂದು ಅಗ್ಗಕ್ಕೆ ಮಾರುವ ಕೇಬಲ್ ನಂಬುವಂಥದ್ದಲ್ಲ. ಟೈಪ್-ಸಿ ಎಕ್ಸ್‌ಟೆನ್ಷನ್ ಕೇಬಲ್‌ಗೆ ಮಾನದಂಡದಲ್ಲಿ ಜಾಗವೇ ಇಲ್ಲ, ಕೊಳ್ಳಬೇಡಿ.

ಹೆಜ್ಜೆ 3: ಮಾನಿಟರ್ ಜೋಡಣೆಯ ಲೆಕ್ಕ

ಹೆಚ್ಚು ಜನ ಸೋಲುವುದು ಇಲ್ಲೇ. ಟೈಪ್-ಸಿ ಒಳಗೆ ಚಿತ್ರ ಸಾಗಿಸಲು ನಾಲ್ಕು ವೇಗದ ಓಣಿಗಳಿವೆ. ಎಚ್‌ಡಿಎಂಐ ಜೊತೆಗೆ ವೇಗದ ಯುಎಸ್‌ಬಿ ಪೋರ್ಟ್‌ಗಳೂ ಇರುವ ಹಬ್ (ಒಂದು ಪೋರ್ಟನ್ನು ಹಲವಾಗಿ ಒಡೆಯುವ ಪುಟ್ಟ ಪೆಟ್ಟಿಗೆ) ಹಾಕಿದರೆ ಎರಡು ಓಣಿ ಡೇಟಾಕ್ಕೆ ಹೋಗಿ, ಚಿತ್ರಕ್ಕೆ ಎರಡೇ ಉಳಿಯುತ್ತವೆ. ಡಿಸ್‌ಪ್ಲೇಪೋರ್ಟ್ 1.2 ವೇಗದಲ್ಲಿ ಎರಡು ಓಣಿ ಅಂದರೆ 8.64 ಗಿಗಾಬಿಟ್. 4ಕೆ ಪರದೆಯನ್ನು 60 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 60 ಬಾರಿ ಚಿತ್ರ ಬದಲಿಸುತ್ತ ಓಡಿಸಲು 12ಕ್ಕಿಂತ ಹೆಚ್ಚು ಬೇಕು. ಸಾಲದೆ ಬಂದಾಗ ಲ್ಯಾಪ್‌ಟಾಪ್ ತಾನಾಗಿಯೇ 30 ಹರ್ಟ್ಸ್‌ಗೆ ಇಳಿಯುತ್ತದೆ. ಮೌಸ್ ಬಾಣ ಪರದೆಯ ಮೇಲೆ ತಡೆತಡೆದು ಓಡಿದರೆ ಇದೇ ಆಗಿದೆ ಎಂದು ತಿಳಿಯಿರಿ.

ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಅಡ್ವಾನ್ಸ್ಡ್ ಡಿಸ್‌ಪ್ಲೇ ಎಂಬ ಕ್ರಮದಲ್ಲಿ ಹೋದರೆ ಎಷ್ಟು ಹರ್ಟ್ಸ್ ಎಂದು ಕಾಣುತ್ತದೆ. 30 ಇದ್ದರೆ ಪರಿಹಾರ ಮೂರು ಬಗೆ. ಲ್ಯಾಪ್‌ಟಾಪ್‌ನಲ್ಲೂ ಹಬ್‌ನಲ್ಲೂ ಡಿಸ್‌ಪ್ಲೇಪೋರ್ಟ್ 1.4 ಇದ್ದರೆ ಎರಡೇ ಓಣಿಯಲ್ಲಿ 12.96 ಗಿಗಾಬಿಟ್ ಸಿಗುತ್ತದೆ, ಅಷ್ಟು ಸಾಕು. ಇಲ್ಲದಿದ್ದರೆ ಹಬ್ ಬಿಟ್ಟು, ಟೈಪ್-ಸಿಯಿಂದ ಡಿಸ್‌ಪ್ಲೇಪೋರ್ಟ್‌ಗೆ ನೇರ ಹೋಗುವ ಕೇಬಲ್ ಹಾಕಿ, ನಾಲ್ಕೂ ಓಣಿಗಳನ್ನು ಚಿತ್ರಕ್ಕೇ ಬಿಡಿ. ಯುಎಸ್‌ಬಿ 4 ಅಥವಾ ಥಂಡರ್‌ಬೋಲ್ಟ್ ಪೋರ್ಟ್ ಇದ್ದವರು ಅದೇ ಮಾನದಂಡದ ಡಾಕ್ (ದೊಡ್ಡ ಹಬ್) ಕೊಂಡರೆ ಈ ಹಂಚಿಕೆಯ ತೊಂದರೆಯೇ ಬರುವುದಿಲ್ಲ, ಬೆಲೆ ಮಾತ್ರ ಹೆಚ್ಚು. ಹಬ್‌ನ ಎಚ್‌ಡಿಎಂಐ 1.4 ಆಗಿದ್ದರೂ 4ಕೆ ಚಿತ್ರ 30 ಹರ್ಟ್ಸ್‌ಗೇ ನಿಲ್ಲುತ್ತದೆ. 60 ಬೇಕಾದರೆ ಕನಿಷ್ಠ 2.0 ಇರಲಿ.

ಹೆಜ್ಜೆ 4: ಕೊಂಡದ್ದನ್ನು ಅಂದೇ ಪರೀಕ್ಷಿಸಿ

ಹೊರಗಿನ ಎಸ್‌ಎಸ್‌ಡಿಯೊಂದನ್ನು ಜೋಡಿಸಿ 5 ಗಿಗಾಬೈಟ್‌ನ ಒಂದೇ ಫೈಲ್ ನಕಲಿಸಿ. ಎರಡು ನಿಮಿಷ ದಾಟಿದರೆ ಸಂಪರ್ಕ ಯುಎಸ್‌ಬಿ 2.0ಕ್ಕೆ ಇಳಿದಿದೆ. 12–15 ಸೆಕೆಂಡಿನಲ್ಲಿ ಮುಗಿದರೆ 5 ಗಿಗಾಬಿಟ್, ಆರೇಳು ಸೆಕೆಂಡಾದರೆ 10 ಗಿಗಾಬಿಟ್. ಮ್ಯಾಕ್‌ನಲ್ಲಿ ಆಪ್ಷನ್ ಕೀ ಒತ್ತಿ ಹಿಡಿದು ಆಪಲ್ ಮೆನು ತೆರೆದರೆ ಸಿಸ್ಟಮ್ ಇನ್ಫರ್ಮೇಷನ್ ಸಿಗುತ್ತದೆ. ಅಲ್ಲಿ ಯುಎಸ್‌ಬಿ ವಿಭಾಗದಲ್ಲಿ ವೇಗ ನೇರವಾಗಿ ಬರೆದಿರುತ್ತದೆ.

ವೇಗ ಕಡಿಮೆ ಬಂದರೆ ಕೇಬಲ್ ವಾಪಸು ಮಾಡುವ ಮೊದಲು ಇಷ್ಟು ನೋಡಿ. ನೀಲಿ ಬಣ್ಣದ ಹಳೆಯ ಟೈಪ್-ಎ (ಆಯತಾಕಾರದ ಅಗಲ ಯುಎಸ್‌ಬಿ) ಪೋರ್ಟ್‌ಗೆ ಪ್ಲಗ್ ನಿಧಾನವಾಗಿ ತೂರಿಸಿದರೆ ಮೊದಲು ತಾಗುವ ಪಿನ್‌ಗಳು 2.0ದವು, ಕಂಪ್ಯೂಟರ್ ಅಲ್ಲಿಗೇ ತೃಪ್ತಿಯಾಗಿಬಿಡುತ್ತದೆ. ತೆಗೆದು, ಒಂದೇ ಬಾರಿಗೆ ಬೇಗ ಒತ್ತಿ. ಟೈಪ್-ಸಿ ಸಡಿಲವಾಗಿದ್ದರೆ ಒಳಗೆ ಜೇಬಿನ ನೂಲಿನ ಧೂಳು ಗಟ್ಟಿಯಾಗಿ ಕೂತಿರುತ್ತದೆ. ಯಂತ್ರ ಆರಿಸಿ, ಮರದ ಹಲ್ಲುಕಡ್ಡಿಯಿಂದ ಹಗುರವಾಗಿ ತೆಗೆಯಿರಿ, ಗುಂಡುಸೂಜಿ ಬೇಡವೇ ಬೇಡ. ಡಿಸ್ಕ್ ಓಡುವಾಗ ವೈರ್‌ಲೆಸ್ ಮೌಸ್ ತಡವರಿಸಿದರೆ ಮೌಸ್ ಕೆಟ್ಟಿದೆ ಅನ್ನಬೇಡಿ. ಯುಎಸ್‌ಬಿ 3.0 ಸಂಪರ್ಕ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಗದ್ದಲ ಎಬ್ಬಿಸುತ್ತದೆ. ಮೌಸ್‌ನ ರಿಸೀವರ್ ಅನ್ನು ಇನ್ನೊಂದು ಬದಿಯ ಪೋರ್ಟ್‌ಗೆ ಹಾಕಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಇನ್ನು ಅಗ್ಗದ ಟಾರ್ಚ್, ಟ್ರಿಮರ್, ಸ್ಪೀಕರ್‌ಗಳು. ಇವುಗಳಲ್ಲಿ ಹಲವು ಟೈಪ್-ಸಿ ಚಾರ್ಜರ್‌ಗೆ ಸಿ-ಟು-ಸಿ ಕೇಬಲ್‌ನಲ್ಲಿ ಜೋಡಿಸಿದರೆ ಚಾರ್ಜ್ ಆಗದೆ ಇರುತ್ತವೆ. ‘ನಾನು ವಿದ್ಯುತ್ ಪಡೆಯುವ ಸಾಧನ’ ಎಂದು ಹೇಳಬೇಕಾದ 5.1 ಕಿಲೋ-ಓಮ್‌ನ ಎರಡು ರೆಸಿಸ್ಟರ್‌ಗಳನ್ನು ತಯಾರಕರು ಹಾಕದೆ ಬಿಟ್ಟಿರುತ್ತಾರೆ. ಕೆಲವು ಪೈಸೆಯ ಬಿಡಿಭಾಗಕ್ಕಾಗಿ ಗ್ರಾಹಕರನ್ನು ಹೀಗೆ ಕಾಡುವುದು ತಪ್ಪು. ಸದ್ಯದ ಉಪಾಯ: ಹಳೆಯ ಟೈಪ್-ಎ ಚಾರ್ಜರ್, ಎ-ಟು-ಸಿ ಕೇಬಲ್.

ಯಾವುದು ಬಾಳುತ್ತದೆ?

ವೇಗವೊಂದೇ ಗೆಲ್ಲಿಸುವುದಿಲ್ಲ. 1995ರಲ್ಲಿ ಮಾನದಂಡವಾದ ಫೈರ್‌ವೈರ್ ಎಂಬ ಪೋರ್ಟ್ 400 ಮೆಗಾಬಿಟ್ ಓಡುತ್ತಿತ್ತು. ಮರುವರ್ಷ ಬಂದ ಯುಎಸ್‌ಬಿಗೆ ಇದ್ದದ್ದು 12 ಮೆಗಾಬಿಟ್. ಆದರೂ ಗೆದ್ದದ್ದು ಯುಎಸ್‌ಬಿ. ಇಂಟೆಲ್ ಅದನ್ನು ತನ್ನ ಚಿಪ್‌ಸೆಟ್ ಒಳಗೇ ಸೇರಿಸಿ ಕೊಟ್ಟಿತು, ರಾಯಧನ ಕೇಳಲಿಲ್ಲ. ಫೈರ್‌ವೈರ್‌ಗೆ ಪ್ರತ್ಯೇಕ ಚಿಪ್ ಬೇಕಿತ್ತು, ಪರವಾನಗಿ ಹಣವೂ ಬೇಕಿತ್ತು. 2000ದಲ್ಲಿ ಯುಎಸ್‌ಬಿ 2.0 ಬಂದು 480 ಮೆಗಾಬಿಟ್ ಮುಟ್ಟಿತು, ಹಳೆಯ ಪ್ಲಗ್ ಹಾಗೇ ಉಳಿಯಿತು. 2001ರಲ್ಲಿ ಫೈರ್‌ವೈರ್ ಹೊತ್ತು ಬಂದ ಐಪಾಡ್ ಕೂಡ ನಾಲ್ಕೇ ವರ್ಷದಲ್ಲಿ ಯುಎಸ್‌ಬಿ ಕಡೆಗೆ ವಾಲಿತು.

ಇದೇ ಅಳತೆಗೋಲು ಇಂದಿಗೂ ಸಲ್ಲುತ್ತದೆ: ಬಳಸಲು ಅಗ್ಗವೇ, ಹಳೆಯ ಸಾಧನ ಹೊಸ ಪೋರ್ಟ್‌ನಲ್ಲಿ ನಡೆಯುತ್ತದೆಯೇ? ಥಂಡರ್‌ಬೋಲ್ಟ್ ಈ ಪಾಠ ಕಲಿತಿದೆ. 2015ರಲ್ಲಿ ಅದು ಟೈಪ್-ಸಿ ಆಕಾರಕ್ಕೆ ಬಂತು, 2019ರಲ್ಲಿ ಇಂಟೆಲ್ ಅದರ ತಂತ್ರವನ್ನು ಯುಎಸ್‌ಬಿ ಒಕ್ಕೂಟಕ್ಕೆ ಒಪ್ಪಿಸಿತು, ಯುಎಸ್‌ಬಿ 4 ಹುಟ್ಟಿದ್ದು ಅದರಿಂದ. ಟೈಪ್-ಸಿಗೆ ಈಗ ಕಾನೂನಿನ ಬೆಂಬಲವೂ ಇದೆ. ಐರೋಪ್ಯ ಒಕ್ಕೂಟದಲ್ಲಿ ಫೋನ್‌ಗಳಿಗೆ 2024ರ ಡಿಸೆಂಬರ್ 28ರಿಂದ, ಲ್ಯಾಪ್‌ಟಾಪ್‌ಗಳಿಗೆ 2026ರ ಏಪ್ರಿಲ್ 28ರಿಂದ ಅದು ಕಡ್ಡಾಯ. ಭಾರತೀಯ ಮಾನಕ ಬ್ಯೂರೊ ಕೂಡ 2023ರಲ್ಲಿ ಟೈಪ್-ಸಿಗೆ ಮಾನದಂಡ ಹೊರಡಿಸಿದೆ. ನಮ್ಮ ಅಂದಾಜಿನಲ್ಲಿ ಮುಂದಿನ ಹತ್ತು ವರ್ಷ ಈ ಆಕಾರ ಅಲುಗದು. 20 ಗಿಗಾಬಿಟ್‌ನ ಯುಎಸ್‌ಬಿ 3.2 ‘2x2’ ಡಿಸ್ಕ್‌ಗಳಿಗೆ ಮಾತ್ರ ಹಣ ಹಾಕಬೇಡಿ. ಬಹಳಷ್ಟು ಥಂಡರ್‌ಬೋಲ್ಟ್ ಪೋರ್ಟ್‌ಗಳಲ್ಲಿ ಅವು 10ಕ್ಕೇ ಇಳಿಯುತ್ತವೆ.

ಟಿವಿಗೆ ಎಚ್‌ಡಿಎಂಐ ಉಳಿಯುತ್ತದೆ. ಕೀಬೋರ್ಡ್, ಮೌಸ್, ಪ್ರಿಂಟರ್‌ಗಳಿಗಾಗಿ ಟೈಪ್-ಎ ಕೂಡ ಬೇಗ ಹೋಗದು. 1987ರ ಹಳೆಯ ಮಾನಿಟರ್ ಪೋರ್ಟ್ ವಿಜಿಎಗೆ ಹೊಸದಾಗಿ ಖರ್ಚು ಮಾಡಬೇಡಿ. ಶಾಲೆ, ಸಭಾಂಗಣಗಳ ಹಳೆಯ ಪ್ರೊಜೆಕ್ಟರ್‌ಗೆ ಎಚ್‌ಡಿಎಂಐನಿಂದ ವಿಜಿಎಗೆ ಬದಲಿಸುವ ಕನ್ವರ್ಟರ್ ಒಂದಿದ್ದರೆ ಸಾಕು. ಎಲ್ಲಕ್ಕಿಂತ ಗಟ್ಟಿ ಆಯುಷ್ಯ ನೆಟ್‌ವರ್ಕ್‌ನ ಆರ್‌ಜೆ45ದು. ಹೊಸ ಮನೆಗೆ ವೈರಿಂಗ್ ಆಗುವಾಗಲೇ ಕ್ಯಾಟ್ 6 ನೆಟ್‌ವರ್ಕ್ ಕೇಬಲ್ ಎಳೆಸಿ: 100 ಮೀಟರ್‌ವರೆಗೆ 1 ಗಿಗಾಬಿಟ್, 55 ಮೀಟರ್‌ವರೆಗೆ 10. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ತಂತಿ ಬೇಡ, ಅಪ್ಪಟ ತಾಮ್ರವೇ ಎಂದು ತುದಿ ಕೆರೆದು ನೋಡಿ.

ಕಪಾಟಿನಲ್ಲಿ ಮಿನಿ-ಡಿವಿ ಟೇಪಿನ ಮದುವೆ ವಿಡಿಯೊಗಳಿದ್ದರೆ ಅವಸರ ಮಾಡಿ. ಬಹುತೇಕ ಕ್ಯಾಮೆರಾಗಳಲ್ಲಿ ಅವುಗಳನ್ನು ಗುಣಮಟ್ಟ ಕೆಡದಂತೆ ಇಳಿಸುವ ದಾರಿ ಫೈರ್‌ವೈರ್ ಒಂದೇ, ಆ ಪೋರ್ಟ್ ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಇಲ್ಲ. ಹಳೆಯ ಡೆಸ್ಕ್‌ಟಾಪ್‌ಗೆ ಫೈರ್‌ವೈರ್ ಕಾರ್ಡ್ ಹಾಕಿಸಿ, ಕ್ಯಾಮೆರಾ ಕಡೆಗೆ 4 ಪಿನ್, ಕಂಪ್ಯೂಟರ್ ಕಡೆಗೆ 6 ಪಿನ್ ಇರುವ ಕೇಬಲ್ ತನ್ನಿ. ಎರಡೂ ಆರಿಸಿದ್ದಾಗಲೇ ಜೋಡಿಸಿ. 6 ಪಿನ್ ತುದಿಯಲ್ಲಿ ವಿದ್ಯುತ್ತೂ ಇರುವುದರಿಂದ ತಿರುಗುಮುರುಗಾಗಿ ಒತ್ತಿದರೆ ಪೋರ್ಟ್ ಸುಡಬಹುದು. ಒಂದು ಗಂಟೆಯ ಟೇಪ್ ಇಳಿಯಲು ಒಂದು ಗಂಟೆಯೇ ಬೇಕು, ಜಾಗ ಸುಮಾರು 13 ಗಿಗಾಬೈಟ್.