ಎಳ್ಳು, ಗೋಡಂಬಿ ತಿಂದು ಅಲರ್ಜಿಯಾಗಿ ಉಸಿರು ಕಟ್ಟಿದರೆ: ಮೊದಲ ಹತ್ತು ನಿಮಿಷ ಏನು ಮಾಡಬೇಕು?

ಮೂರು ವರ್ಷದ ಹಿಂದಿನ ಸಂಕ್ರಾಂತಿ. ಧಾರವಾಡದ ನಮ್ಮ ಮನೆಯಲ್ಲಿ ಅಕ್ಕನ ಮಗ ಅರ್ಧ ಎಳ್ಳು ಹೋಳಿಗೆ ತಿಂದಿದ್ದ, ಅಷ್ಟೇ. ಐದು ನಿಮಿಷ ಆಗಿರಲಿಲ್ಲ, ನಾಲಿಗೆಯನ್ನು ಹಲ್ಲಿಗೆ ತಿಕ್ಕಿಕೊಳ್ಳತೊಡಗಿದ. "ಮಾಮಾ, ಗಂಟಲದಾಗ ಏನೋ ಸಿಕ್ಕೊಂಡಂಗ ಆಗೇತಿ" ಅಂದ. ದನಿ ಆಗಲೇ ಗೊಗ್ಗರಾಗಿತ್ತು. ಅವ್ವ "ಪಿತ್ತ ಆಗಿರಬೇಕು" ಅಂತ ಮಜ್ಜಿಗೆ ಕುಡಿಸಿದಳು. ನಾನು ಡಬ್ಬಿಯಲ್ಲಿದ್ದ ಅಲರ್ಜಿ ಮಾತ್ರೆ ಕೊಟ್ಟು, ಸ್ಕೂಟರ್ ಮೇಲೆ ಕರೆದುಕೊಂಡು ಹೋಗೋಣ ಅಂತ ಎರಡನೇ ಮಹಡಿಯಿಂದ ಅವನನ್ನು ನಡೆಸಿಕೊಂಡೇ ಇಳಿದೆ. ಗೇಟಿನ ಹತ್ತಿರ ಬರುವಷ್ಟರಲ್ಲಿ ಅವನ ಮುಖ ಬಿಳಿಚಿತು, ಕಾಲು ಕುಸಿದವು. ನಾನು ಎತ್ತಿ ನಿಲ್ಲಿಸಲು ಹೋದೆ. ಪಕ್ಕದ ಮನೆಯ ನರ್ಸ್ ಅಕ್ಕ ಓಡಿ ಬಂದು "ನಿಲ್ಲಸಬ್ಯಾಡ್ರಿ, ಮಲಗಸ್ರಿ!" ಅಂತ ಕೂಗಿದರು.

ಹುಡುಗ ಉಳಿದ. ಆದರೆ ಮಜ್ಜಿಗೆ, ಮಾತ್ರೆ, ಮೆಟ್ಟಿಲು, ಮೂರೂ ತಪ್ಪು ಅಂತ ಆಮೇಲೆ ಗೊತ್ತಾಯಿತು.

ಇದಕ್ಕೆ ಡಾಕ್ಟರು ಅನಾಫೈಲಾಕ್ಸಿಸ್ ಅನ್ನುತ್ತಾರೆ. ಎಳ್ಳಿನಲ್ಲೋ ಗೋಡಂಬಿಯಲ್ಲೋ ಇರುವ ಪ್ರೋಟೀನನ್ನು ದೇಹ ಶತ್ರು ಅಂದುಕೊಂಡು ಒಮ್ಮೆಲೇ ಮೈತುಂಬ ಹಿಸ್ಟಮೈನ್ ಮತ್ತಿತರ ರಾಸಾಯನಿಕ ಬಿಡುತ್ತದೆ. ಗಂಟಲು ಊದಿಕೊಳ್ಳುತ್ತದೆ, ಶ್ವಾಸನಾಳ ಬಿಗಿಯುತ್ತದೆ, ರಕ್ತನಾಳ ಸಡಿಲವಾಗಿ ಬಿಪಿ ಇಳಿಯುತ್ತದೆ. ಸಾಮಾನ್ಯವಾಗಿ ತಿಂದ ಕೆಲವೇ ನಿಮಿಷದಿಂದ ಎರಡು ಗಂಟೆಯೊಳಗೆ ಇದೆಲ್ಲ ಆಗುತ್ತದೆ.

ಮೊದಲು ಗುರುತು ಹಿಡಿಯಿರಿ. ಮೈಮೇಲೆ ಪಿತ್ತದ ಗಂಧೆ ಎದ್ದರೆ ಎಲ್ಲರಿಗೂ ಗೊತ್ತಾಗುತ್ತದೆ. ಆದರೆ ಚರ್ಮದ ಮೇಲೆ ಏನೂ ಕಾಣದೆಯೂ ಇದು ಬರಬಹುದು, ಮೋಸ ಹೋಗುವುದು ಅಲ್ಲೇ. ದನಿ ಬದಲಾಗುವುದು, ನಾಲಿಗೆ ಊದುವುದು, ಎದೆಯಲ್ಲಿ ಸುಂಯ್ ಅನ್ನುವ ಸದ್ದು, ಬಿಡದ ಕೆಮ್ಮು, ತಲೆ ಸುತ್ತು, ತಿಂದ ಕೂಡಲೇ ಮೇಲಿಂದ ಮೇಲೆ ವಾಂತಿ. ಅಲರ್ಜಿ ಇರುವವರಿಗೆ ಇವುಗಳಲ್ಲಿ ಒಂದು ಕಂಡರೂ ಕಾಯಬೇಡಿ.

ಕೂಡಲೇ ಮಲಗಿಸಿ. ಇದ್ದಲ್ಲೇ ಅಂಗಾತ ಮಲಗಿಸಿ, ಕಾಲ ಕೆಳಗೆ ದಿಂಬು ಇಡಿ. ಉಸಿರಾಟ ಕಷ್ಟವಾಗಿದ್ದರೆ ಕಾಲು ಚಾಚಿ ಕೂರಿಸಬಹುದು. ವಾಂತಿ ಆಗುತ್ತಿದ್ದರೆ ಪಕ್ಕಕ್ಕೆ ಹೊರಳಿಸಿ, ಗರ್ಭಿಣಿಯನ್ನು ಎಡಮಗ್ಗುಲಿಗೆ. ಎಬ್ಬಿಸಿ ನಿಲ್ಲಿಸಬೇಡಿ, ನಡೆಸಬೇಡಿ, ಬಚ್ಚಲಿಗೂ ಕಳಿಸಬೇಡಿ. ಬಿಪಿ ಇಳಿದಾಗ ಎದ್ದು ನಿಂತರೆ ಹೃದಯಕ್ಕೆ ರಕ್ತ ವಾಪಸ್ ಬರುವುದೇ ಕಡಿಮೆಯಾಗಿ ಅಲ್ಲೇ ಪ್ರಾಣ ಹೋಗಬಹುದು.

ಅಡ್ರಿನಲಿನ್. ಇದಕ್ಕೆ ಮೊದಲ ಮದ್ದು ಇದೊಂದೇ. ತೊಡೆಯ ಹೊರಬದಿ, ನಡುಭಾಗದ ಸ್ನಾಯುವಿಗೆ ಚುಚ್ಚಬೇಕು. ಅಳತೆ ತೂಕದ ಪ್ರತಿ ಕೆಜಿಗೆ 0.01 ಮಿಲಿಗ್ರಾಂ, ದೊಡ್ಡವರಿಗೆ ಹೆಚ್ಚೆಂದರೆ 0.5. ಗುಣ ಕಾಣದಿದ್ದರೆ 5ರಿಂದ 15 ನಿಮಿಷಕ್ಕೆ ಮತ್ತೊಂದು. ಸೆಟ್ರಿಜಿನ್‌ನಂಥ ಮಾತ್ರೆ ತುರಿಕೆ ತಗ್ಗಿಸುತ್ತದೆ, ಊದಿದ ಗಂಟಲನ್ನು ತೆರೆಯುವುದಿಲ್ಲ. ಸ್ಟೀರಾಯ್ಡ್ ಕೆಲಸ ಮಾಡಲು ಗಂಟೆಗಟ್ಟಲೆ ಬೇಕು. ಹೊರದೇಶದಲ್ಲಿ ಬಳಸುವ ಪೆನ್ನಿನಂಥ ಇಂಜೆಕ್ಷನ್ ನಮ್ಮ ಮೆಡಿಕಲ್ ಅಂಗಡಿಗಳಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಹಾಗಾಗಿ ಒಮ್ಮೆ ಹೀಗಾದವರು ಡಾಕ್ಟರ ಹತ್ತಿರ ಆಂಪುಲ್ (ಮದ್ದು ತುಂಬಿದ ಚಿಕ್ಕ ಗಾಜಿನ ಸೀಸೆ), ಸಿರಿಂಜ್ ಬರೆಸಿಕೊಂಡು, ಎಷ್ಟು ಎಳೆಯಬೇಕು, ಎಲ್ಲಿ ಚುಚ್ಚಬೇಕು ಅಂತ ಅವರ ಮುಂದೆಯೇ ಕಲಿಯಿರಿ. ನಮ್ಮ ಅಕ್ಕ ಕಿತ್ತಳೆ ಹಣ್ಣಿಗೆ ಚುಚ್ಚಿ ಚುಚ್ಚಿ ಕೈ ಪಳಗಿಸಿಕೊಂಡಳು.

108. ಒಬ್ಬರು ಚುಚ್ಚುವಾಗ ಇನ್ನೊಬ್ಬರು ಫೋನ್ ಮಾಡಿ, "ಎಳ್ಳು ತಿಂದು ಅಲರ್ಜಿ ಆಗಿ ಉಸಿರು ಕಟ್ಟೇತ್ರಿ, ಅಡ್ರಿನಲಿನ್ ಬೇಕು" ಅಂತ ನೇರವಾಗಿ ಹೇಳಿ. ಆಂಬುಲೆನ್ಸ್ ತಡವಾದರೆ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಹತ್ತಿರದ ಆಸ್ಪತ್ರೆಗೆ ಹೋಗಿ. ಬೈಕ್ ಮೇಲೆ ಬೇಡವೇ ಬೇಡ. ಶಿಗ್ಗಾವಿಯಲ್ಲಿದ್ದು, ತಾಲೂಕು ಆಸ್ಪತ್ರೆ ದಾಟಿಕೊಂಡು ಸೀದಾ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆ‌ಗೇ ಹೋಗುತ್ತೇವೆ ಅನ್ನಬೇಡಿ. ಮೊದಲ ಇಂಜೆಕ್ಷನ್ ಹತ್ತಿರದಲ್ಲೇ ಬೀಳಲಿ. ಆರಾಮ ಆಯ್ತು ಅಂತ ಕೂಡಲೇ ಮನೆಗೂ ಬರಬೇಡಿ. ಕೆಲವರಿಗೆ ಕೆಲವು ಗಂಟೆ ಬಿಟ್ಟು ಮತ್ತೆ ಬರುತ್ತದೆ, ಡಾಕ್ಟರು ಬಿಡುವವರೆಗೆ ಅಲ್ಲೇ ಇರಿ.

ಇನ್ನು ಊಟದ ವಿಷಯ. ನಮ್ಮ ಕಡೆ ಇದೇ ಕಷ್ಟ, ಯಾಕೆಂದರೆ ಕಾಳಿನ ಪುಡಿ ಇಲ್ಲದೆ ನಮ್ಮ ತಟ್ಟೆ ತುಂಬುವುದಿಲ್ಲ. ಸಜ್ಜಿ ರೊಟ್ಟಿ ಮೇಲೆ ಎಳ್ಳು, ಎಣ್ಣೆಗಾಯಿಯಲ್ಲಿ ಶೇಂಗಾ, ಗುರೆಳ್ಳು, ಪಕ್ಕದಲ್ಲಿ ಅಗಸಿ ಚಟ್ನಿ. ಖಾನಾವಳಿಯಲ್ಲಿ "ಎಳ್ಳು ಐತೇನ್ರಿ?" ಅಂತ ಕೇಳಿದರೆ "ಇಲ್ರಿ" ಅನ್ನುತ್ತಾರೆ. "ಮಸಾಲಿಗೆ ಏನೇನ್ ಹುರಿದು ಹಾಕೀರಿ?" ಅಂತ ಕೇಳಿ ನೋಡಿ, ಆಗ "ರುಚಿಗೆ ಒಂದ್ ಚೂರ್ ಎಳ್ಳ್ ಹಾಕೇವ್ರಿ" ಅನ್ನುವ ಮಾತು ಹೊರಗೆ ಬರುತ್ತದೆ. ಆ ಒಂದು ಚೂರೇ ಸಾಕು. ಮಿಕ್ಸರ್ ಜಾರ್, ಚಮಚ ಕೂಡ ಬೇರೆ ಇರಬೇಕು. ಗಾಣದ ಎಳ್ಳೆಣ್ಣೆಯಲ್ಲೂ ಎಳ್ಳಿನ ಪ್ರೋಟೀನ್ ಉಳಿದಿರುತ್ತದೆ.

ಗೋಡಂಬಿ ಆಗದವರಿಗೆ ಪಿಸ್ತಾ ಕೂಡ ಆಗದಿರುವುದು ಜಾಸ್ತಿ, ಎರಡೂ ಒಂದೇ ಕುಟುಂಬದ ಗಿಡ. ಶೇಂಗಾ ಬೇರೆ, ಅದು ಬೇಳೆಕಾಳಿನ ಜಾತಿ. ಯಾವುದು ಆಗುತ್ತದೆ, ಯಾವುದು ಆಗಲ್ಲ ಅಂತ ಅಲರ್ಜಿ ತಜ್ಞರು ಪರೀಕ್ಷೆ ಮಾಡಿ ಹೇಳಬೇಕು. ಮನೆಯಲ್ಲಿ ಸುಮ್ನೆ ಒಂದು ಚೂರು ತಿನ್ನಿಸಿ ನೋಡುವ ಸಾಹಸ ಬೇಡ. ಪ್ಯಾಕೆಟ್ ತಿಂಡಿಯ ಮೇಲೆ ಶೇಂಗಾ, ಗೋಡಂಬಿಯಂಥವುಗಳ ಎಚ್ಚರಿಕೆ ಹಾಕಲೇಬೇಕು ಅಂತ ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮ ಹೇಳುತ್ತದೆ, ಆದರೆ ಆ ಪಟ್ಟಿಯಲ್ಲಿ ಎಳ್ಳಿಲ್ಲ. ಅಮೆರಿಕದಲ್ಲಿ 2023ರಿಂದ ಎಳ್ಳಿನ ಹೆಸರನ್ನೂ ಹಾಕಲೇಬೇಕು. ಇಲ್ಲೂ ಅದು ಬರಬೇಕು. ಅಲ್ಲಿಯವರೆಗೆ ಸಾಮಗ್ರಿಗಳ ಸಣ್ಣ ಅಕ್ಷರವನ್ನು ಪೂರ್ತಿ ಓದಿ.

ನಮ್ಮ ಹುಡುಗನ ಶಾಲೆ ಚೀಲದಲ್ಲಿ ಈಗ ಒಂದು ಚಿಕ್ಕ ಡಬ್ಬಿ ಇರುತ್ತದೆ. ಒಳಗೆ ಎರಡು ಆಂಪುಲ್, ಎರಡು ಸಿರಿಂಜ್, ಡಾಕ್ಟರು ಅಳತೆ ಬರೆದು ಸಹಿ ಮಾಡಿದ ಚೀಟಿ, ಅಕ್ಕನ ನಂಬರ್. ಕ್ಲಾಸ್ ಟೀಚರಿಗೂ ತೋರಿಸಿಟ್ಟಿದ್ದಾರೆ. ಅಡ್ರಿನಲಿನ್‌ಗೆ ಬಿಸಿಲು, ಬೆಳಕು ಆಗಿಬರುವುದಿಲ್ಲ. ತಿಂಗಳಿಗೊಮ್ಮೆ ಅಕ್ಕ ಆಂಪುಲನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಾಳೆ, ನೀರಿನ ಹಾಗೆ ತಿಳಿಯಾಗಿದ್ದರೆ ವಾಪಸ್ ಇಡುತ್ತಾಳೆ, ಸ್ವಲ್ಪ ಕಂದು ಬಣ್ಣ ಕಂಡರೂ, ದಿನಾಂಕ ಮುಗಿದಿದ್ದರೂ ಹೊಸದು ತರುತ್ತಾಳೆ.