ಆಂಟಿವೈರಸ್ ಓಇಎಂ ಕೀ: ಕೊಳ್ಳುವಾಗ, ಹಾಕುವಾಗ ನಾನು ನೋಡುವುದೇನು

ಅಸೆಂಬಲ್ಡ್ ಪಿಸಿ ಜೊತೆಗೆ ಆಂಟಿವೈರಸ್ ಹಾಕಿಕೊಡುವವರಿಗೆ ಡೀಲರ್‌ಗಳ ಹತ್ತಿರ ಬೇರೆಯೇ ಒಂದು ದರ ಇರುತ್ತದೆ. ಡಬ್ಬಿ ಇಲ್ಲ, ಸಿಡಿ ಇಲ್ಲ, ಮ್ಯಾನ್ಯುಯಲ್ ಇಲ್ಲ. ಒಂದು ಕಾರ್ಡು, ಅದರ ಮೇಲೆ ಕೆರೆಯುವ ಪಟ್ಟಿ, ಪಟ್ಟಿಯ ಕೆಳಗೆ ಕೀ, ಅಂದರೆ ಸಾಫ್ಟ್‌ವೇರನ್ನು ಚಾಲೂ ಮಾಡುವ ಅಕ್ಷರ-ಅಂಕಿಗಳ ಸಾಲು. ಯಂತ್ರ ತಯಾರಿಸುವವರಿಗೆಂದೇ ಮಾರುವ ಇದಕ್ಕೆ, ಕಂಪ್ಯೂಟರ್ ಅಂಗಡಿಗಳ ಬೀದಿಯಾದ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ‘ಓಇಎಂ ಕೀ’ ಎಂದರೆ ಸಾಕು, ಗೊತ್ತಾಗುತ್ತದೆ. ಸಾಫ್ಟ್‌ವೇರ್ ಮಾತ್ರ ಡಬ್ಬಿಯಲ್ಲಿ ಬರುವಂಥದ್ದೇ, ಬೇರೆಯಲ್ಲ. ಹೊಸ ಯಂತ್ರದ ಜೊತೆಗೇ ಹೋಗಬೇಕು ಎಂಬ ಷರತ್ತಿರುವುದರಿಂದ ದರ ಇಳಿದಿರುತ್ತದೆ. ಇನ್ನೊಂದು ಕಾರಣವೂ ಇದೆ: ಏನೇ ತೊಂದರೆಯಾದರೂ ಗ್ರಾಹಕರ ಮೊದಲ ಫೋನು ಕಂಪನಿಗಲ್ಲ, ಯಂತ್ರ ಜೋಡಿಸಿದವನಿಗೆ ಬರುತ್ತದೆ. ಅಂದರೆ ಆ ರಿಯಾಯಿತಿಯಲ್ಲಿ ಒಂದು ಪಾಲು ನಮ್ಮ ಕೂಲಿ. ಅದನ್ನು ಪೂರ್ತಿ ಗ್ರಾಹಕರಿಗೆ ಬಿಟ್ಟುಕೊಟ್ಟವನು ವರ್ಷವಿಡೀ ಬಿಟ್ಟಿ ಸರ್ವಿಸ್ ಮಾಡಬೇಕು.

ವಿಂಡೋಸ್ ಓಇಎಂ ಜೊತೆ ಇದನ್ನು ಕಲಸಿಕೊಳ್ಳಬಾರದು. ಅದು ಮದರ್‌ಬೋರ್ಡಿಗೆ ಅಂಟಿಕೊಂಡು ಬೋರ್ಡ್ ಬದುಕಿರುವಷ್ಟು ದಿನ ನಡೆಯುತ್ತದೆ. ಆಂಟಿವೈರಸ್ ಕೀಗೆ ದಿನಗಳ ಲೆಕ್ಕ. ಆ ಲೆಕ್ಕ ಶುರುವಾಗುವುದು ಕೀ ಕೊಂಡ ದಿನದಿಂದ ಅಲ್ಲ, ಆಕ್ಟಿವೇಟ್ ಮಾಡಿದ ದಿನದಿಂದ. ಈ ಒಂದು ಮಾತು ತಲೆಯಲ್ಲಿದ್ದರೆ ಅರ್ಧ ನಷ್ಟ ತಪ್ಪುತ್ತದೆ.

ಕೊಳ್ಳುವಾಗ ನಾನು ಮೊದಲು ದರ ಕೇಳುವುದಿಲ್ಲ. ‘ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರುತ್ತಾ ಅಣ್ಣಾ?’ ಎಂದು ಕೇಳುತ್ತೇನೆ. ಬರುವುದಿಲ್ಲ ಎಂದರೆ ಮಾತು ಅಲ್ಲಿಗೇ ಮುಗಿಯಿತು. ಮುಂದೆ ಕೀ ಬ್ಲಾಕ್ ಆದಾಗ ಕಂಪನಿಯವರು ಕೇಳುವುದು ಅದನ್ನೇ. ಕೀ ಬ್ಲಾಕ್ ಆಗುವುದು ಯಾಕೆಂದರೆ, ಯಾವುದೋ ಸಂಸ್ಥೆಯ ದೊಡ್ಡ ಲೈಸೆನ್ಸನ್ನು ಒಡೆದು ಬಿಡಿಬಿಡಿಯಾಗಿ ಮಾರಿರುತ್ತಾರೆ, ಇಲ್ಲವೇ ಕದ್ದ ಕ್ರೆಡಿಟ್ ಕಾರ್ಡಿನಲ್ಲಿ ಕೊಂಡ ಕೀಗಳು ಕೈಬದಲಾಗಿ ಬಂದಿರುತ್ತವೆ. ಹಾಕಿದ ದಿನ ಎರಡೂ ಚೆನ್ನಾಗಿಯೇ ಕೆಲಸ ಮಾಡುತ್ತವೆ. ಮೂರು-ನಾಲ್ಕು ತಿಂಗಳಾದ ಮೇಲೆ ಕಂಪನಿ ಇಡೀ ಕಟ್ಟನ್ನೇ ನಿಲ್ಲಿಸುತ್ತದೆ, ಅಷ್ಟರಲ್ಲಿ ವಾಟ್ಸಾಪಿನಲ್ಲಿ ಕೀ ಫೋಟೋ ಕಳಿಸಿದವನ ನಂಬರು ಸ್ವಿಚ್ ಆಫ್. ವಾಟ್ಸಾಪ್ ಕೀ ನಾನು ಮುಟ್ಟುವುದೇ ಇಲ್ಲ.

ಕಾರ್ಡನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಓರೆಯಾಗಿ ಹಿಡಿಯಿರಿ. ಕೆರೆಯುವ ಪಟ್ಟಿಯ ಅಂಚು ನಾಲ್ಕೂ ಕಡೆ ಒಂದೇ ಸಮ ಇರಬೇಕು. ಒಂದು ಮೂಲೆ ಎದ್ದಿದ್ದರೆ, ಬಣ್ಣ ಎರಡು ಪದರದಂತೆ ಕಂಡರೆ, ಹಳೆಯ ಪಟ್ಟಿಯ ಮೇಲೆ ಹೊಸದನ್ನು ಅಂಟಿಸಿದ್ದಾರೆ ಎಂದೇ ಅರ್ಥ. ಕೀಯನ್ನು ಇನ್ಯಾರೋ ಆಗಲೇ ನೋಡಿರುತ್ತಾರೆ. ‘ಈ ದಿನಾಂಕದ ಒಳಗೆ ಆಕ್ಟಿವೇಟ್ ಮಾಡಿ’ ಎಂದು ಸಣ್ಣಕ್ಷರದಲ್ಲಿ ಹಾಕಿದ್ದರೆ ಅದನ್ನೂ ಓದಿ. ತೀರಾ ಅಗ್ಗಕ್ಕೆ ಬರುವ ಕಾರ್ಡುಗಳಲ್ಲಿ ಆ ದಿನಾಂಕ ಹತ್ತಿರವೇ ಇರುತ್ತದೆ.

ಇನ್ನು ಲೆಕ್ಕ. ಒಂದು ಕೀಗೆ 350 ರೂಪಾಯಿ ಎಂದಿಟ್ಟುಕೊಳ್ಳಿ. ಸಾಫ್ಟ್‌ವೇರಿಗೆ ಜಿಎಸ್‌ಟಿ 18%, ಅಂದರೆ 413. ಹತ್ತು ಕೀಗೆ 4,130. ಹತ್ತರಲ್ಲಿ ಎರಡು ದಿನಾಂಕ ಮೀರಿ ಸತ್ತರೆ ಉಳಿದ ಎಂಟು ಕೀ ಒಂದೊಂದಕ್ಕೆ 516 ಬಿದ್ದಂತಾಯಿತು. ಆ ಬೆಲೆಗೆ ಎರಡೆರಡೇ ಕೊಂಡಿದ್ದರೂ ನಡೆಯುತ್ತಿತ್ತು. ಅದಕ್ಕೇ ನಾನು ಆರ್ಡರ್ ಕೈಯಲ್ಲಿದ್ದಷ್ಟೇ ಕೀ ತರುತ್ತೇನೆ, ಮೇಲೆ ಹೆಚ್ಚೆಂದರೆ ಎರಡು. ಜಿಎಸ್‌ಟಿ ರಿಜಿಸ್ಟ್ರೇಷನ್ ಇದ್ದವರು ಆ 63 ರೂಪಾಯಿಯನ್ನು ಇನ್‌ಪುಟ್ ಕ್ರೆಡಿಟ್ಟಿನಲ್ಲಿ, ಅಂದರೆ ತಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಂಡು, ವಾಪಸ್ ಪಡೆಯಬಹುದು. ವಹಿವಾಟಿನ ಮೇಲೆ ಸಣ್ಣ ದರದ ತೆರಿಗೆ ಕಟ್ಟುವ ಕಾಂಪೊಸಿಷನ್ ಸ್ಕೀಮಿನಲ್ಲಿ ಇರುವವರಿಗೆ ಅದೂ ಖರ್ಚೇ. ಪುಣೆ, ಚೆನ್ನೈ ಕಡೆಯ ಡೀಲರ್ ಹತ್ತಿರ ತರಿಸಿದರೆ ಬಿಲ್ಲಿನಲ್ಲಿ ಐಜಿಎಸ್‌ಟಿ (ಹೊರರಾಜ್ಯದ ವ್ಯಾಪಾರದ ಜಿಎಸ್‌ಟಿ) ಎಂದು ಬರುತ್ತದೆ, ಮೊತ್ತ ಅಷ್ಟೇ. ಕೆರೆದ ಕಾರ್ಡನ್ನು ಯಾರೂ ವಾಪಸ್ ತೆಗೆದುಕೊಳ್ಳುವುದಿಲ್ಲ.

ಇನ್ನೂ ಅಗ್ಗ ಮಾಡಿಕೊಳ್ಳಲು ಮೂರು ಯೂಸರ್ ಪ್ಯಾಕ್ ಕೊಂಡು ಮೂರು ಬೇರೆ ಬೇರೆ ಮನೆಗೆ ಹಂಚುವ ಅಭ್ಯಾಸ ನಮ್ಮ ಪೈಕಿ ಬಹಳ ಜನಕ್ಕಿದೆ. ಮಾಡಬೇಡಿ. ಆ ಪ್ಯಾಕು ಒಬ್ಬ ಗ್ರಾಹಕರಿಗೆ ಎಂದು ಲೈಸೆನ್ಸ್ ಕರಾರಿನಲ್ಲೇ ಇರುತ್ತದೆ. ಅದನ್ನು ಬದಿಗಿಟ್ಟರೂ ರಿಜಿಸ್ಟರ್ ಆಗುವುದು ಒಂದೇ ಮೊಬೈಲ್ ನಂಬರಿಗೆ. ಒಬ್ಬರು ಲೈಸೆನ್ಸ್ ಬಿಡಿಸದೆ ಎರಡು ಸಲ ಫಾರ್ಮ್ಯಾಟ್ ಹೊಡೆದರೆ ಇನ್ನೊಬ್ಬರ ಪಾಲಿನ ಆಕ್ಟಿವೇಷನ್ ಹೋಗಬಹುದು. ಅವಧಿ ಮೂವರಿಗೂ ಮೊದಲು ಹಾಕಿಸಿಕೊಂಡವರ ದಿನಕ್ಕೇ ಮುಗಿಯುತ್ತದೆ. ಎರಡು ತಿಂಗಳು ತಡವಾಗಿ ಯಂತ್ರ ಕೊಂಡವರಿಗೆ ಹತ್ತೇ ತಿಂಗಳು, ಅವರು ಬಂದು ಕೇಳುವುದು ನಿಮ್ಮನ್ನೇ. ಆಫೀಸಿಗೆ ಮನೆಬಳಕೆಯ ಕೀ ಹಾಕುವುದೂ ಇದೇ ಜಾತಿಯ ತಪ್ಪು. ಹತ್ತು-ಹನ್ನೆರಡು ಯಂತ್ರ ದಾಟಿತೆಂದರೆ ಎಲ್ಲವನ್ನೂ ಒಂದೇ ಕಡೆಯಿಂದ ನೋಡುವ ವ್ಯಾಪಾರಿ ಆವೃತ್ತಿ ಬೇಕು. ಆಂಟಿವೈರಸ್ ಕಂಪನಿ ಕ್ವಿಕ್ ಹೀಲ್‌ನವರಲ್ಲಿ ಅದಕ್ಕೆ ಸೆಕ್ರೈಟ್ ಎಂಬ ಬೇರೆ ಬ್ರ್ಯಾಂಡೇ ಇದೆ.

ಹಾಕುವ ಕ್ರಮಕ್ಕೆ ಬರೋಣ. ವಿಂಡೋಸ್, ಚಿಪ್‌ಸೆಟ್ ಮತ್ತು ಲ್ಯಾನ್ ಡ್ರೈವರ್, ವಿಂಡೋಸ್ ಅಪ್‌ಡೇಟ್ ಎಲ್ಲ ಮುಗಿದ ಮೇಲೇ ಆಂಟಿವೈರಸ್. ಅದಕ್ಕೂ ಮೊದಲು ಯಂತ್ರದ ಗಡಿಯಾರ ನೋಡಿ. ಗೋಡೌನಿನಲ್ಲಿ ಬಹಳ ದಿನ ಕೂತ ಬೋರ್ಡಿನಲ್ಲಿ ಗಡಿಯಾರ ನಡೆಸುವ ಸಿಆರ್2032 ಸೆಲ್ ಇಳಿದುಹೋಗಿ ದಿನಾಂಕ ವರ್ಷಗಟ್ಟಲೆ ಹಿಂದಕ್ಕೆ ಹೋಗಿರುತ್ತದೆ. ತಾರೀಖು ತಪ್ಪಿದರೆ ಕಂಪನಿಯ ಸರ್ವರಿನ ಸರ್ಟಿಫಿಕೇಟನ್ನು (ಅದರ ಗುರುತುಪತ್ರವನ್ನು) ಯಂತ್ರ ಒಪ್ಪುವುದಿಲ್ಲ, ಆಕ್ಟಿವೇಷನ್ ‘ಇಂಟರ್ನೆಟ್ ಇಲ್ಲ’ ಎಂದು ಬೀಳುತ್ತದೆ. ನೆಟ್ ಚೆನ್ನಾಗೇ ಇರುತ್ತದೆ, ನಾವು ರೂಟರ್ ಆಫ್ ಮಾಡಿ ಆನ್ ಮಾಡುತ್ತಾ ಕೂತಿರುತ್ತೇವೆ.

ಹಳೆಯ ಯಂತ್ರವಾದರೆ ಮೊದಲಿದ್ದ ಆಂಟಿವೈರಸನ್ನು ಕಂಟ್ರೋಲ್ ಪ್ಯಾನೆಲ್ಲಿನಿಂದ ತೆಗೆದರೆ ಸಾಲದು. ಅದರ ಡ್ರೈವರ್ ಒಳಗೇ ಉಳಿದು, ಹೊಸದರ ಜೊತೆ ಜಗಳವಾಡಿ ಬೂಟ್ ನಿಧಾನವಾಗುತ್ತದೆ. ಆಯಾ ಕಂಪನಿಯ ರಿಮೂವಲ್ ಟೂಲ್ ಓಡಿಸಿ, ರೀಸ್ಟಾರ್ಟ್ ಮಾಡಿ, ಆಮೇಲೆ ಮುಂದಿನದು. ಯಂತ್ರಕ್ಕೆ ಆಗಲೇ ವೈರಸ್ ತಗುಲಿದೆ ಎಂಬ ಗುಮಾನಿ ಇದ್ದರೆ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರದಲ್ಲಿ ಪುಕ್ಕಟೆ ಸಿಗುವ ಟೂಲಿನಿಂದ ಮೊದಲು ಒಂದು ಸುತ್ತು ಗುಡಿಸುತ್ತೇನೆ. ಇನ್‌ಸ್ಟಾಲರನ್ನು ಕಂಪನಿಯ ಜಾಲತಾಣದಿಂದಲೇ ಇಳಿಸಿಕೊಳ್ಳಿ. ಪೆನ್‌ಡ್ರೈವಿನಲ್ಲಿ ವರ್ಷದಿಂದ ಓಡಾಡುತ್ತಿರುವ ಫೈಲು ಬೇಡ.

ಕೀ ಕೆರೆಯುವುದು ನಾಣ್ಯದಿಂದ ಅಲ್ಲ, ಹಳೆಯ ಎಟಿಎಂ ಕಾರ್ಡಿನ ಅಂಚಿನಿಂದ, ಮೆತ್ತಗೆ. ನಾಣ್ಯ ಅಕ್ಷರವನ್ನೂ ಕೆರೆದುಬಿಡುತ್ತದೆ, ಆಮೇಲೆ ಅದು ಬಿ ಅಕ್ಷರವೋ ಎಂಟೋ, ಓ ಅಕ್ಷರವೋ ಸೊನ್ನೆಯೋ ಎಂದು ಪರದಾಟ. ಕೆರೆದ ಕೂಡಲೇ ಫೋಟೋ. ರಿಜಿಸ್ಟ್ರೇಷನ್ನಿಗೆ ಗ್ರಾಹಕರ ಮೊಬೈಲ್, ಗ್ರಾಹಕರ ಇಮೇಲ್. ಓಟಿಪಿ ಅವರ ಫೋನಿಗೇ ಬರಬೇಕಾಗಬಹುದು, ಅದಕ್ಕೇ ಆಕ್ಟಿವೇಷನ್ನನ್ನು ಅಂಗಡಿಯಲ್ಲಿ ಮುಗಿಸದೆ ಡೆಲಿವರಿ ದಿನ ಅವರ ಎದುರಿಗೇ ಮಾಡುತ್ತೇನೆ. ಅಂಗಡಿಯ ಇಮೇಲ್ ಹಾಕಿ ಬೇಗ ಮುಗಿಸಿದರೆ ಮುಂದಿನ ವರ್ಷದ ನೂರಾರು ರಿನ್ಯೂವಲ್ ಮೇಲುಗಳು ನಮ್ಮ ಪೆಟ್ಟಿಗೆಗೆ, ಗ್ರಾಹಕರಿಗೆ ಒಂದೂ ಇಲ್ಲ. ನಾರ್ಟನ್‌ನಂಥ ಆಂಟಿವೈರಸ್‌ಗಳಲ್ಲಿ ಕೀ ಹಾಕುವಾಗಲೇ ಕ್ರೆಡಿಟ್ ಅಥವಾ ಡೆಬಿಟ್ ಕಾರ್ಡ್ ವಿವರ ಕೇಳಬಹುದು, ಅದು ಆಟೋ ರಿನ್ಯೂವಲ್‌ಗೆ. ಅವರಿಗೆ ತಿಳಿಸಿ ಹೇಳಿ, ಬೇಡವೆಂದರೆ ಅವರ ಖಾತೆಯಲ್ಲೇ ಅದನ್ನು ಆಫ್ ಮಾಡಿಸಿ.

ಹಾಕಿದ್ದು ನಿಜಕ್ಕೂ ಕೆಲಸ ಮಾಡುತ್ತಿದೆಯೇ ಎಂದು ನೋಡಲು ಐಕಾರ್ ಪರೀಕ್ಷಾ ಫೈಲ್ ಸಾಕು. 68 ಅಕ್ಷರದ, ಯಾವ ಅಪಾಯವೂ ಇಲ್ಲದ ಸಾಲು ಅದು, ಎಲ್ಲ ಆಂಟಿವೈರಸ್‌ಗಳೂ ಅದನ್ನು ವೈರಸ್ ಎಂದೇ ಹಿಡಿಯಬೇಕು ಎಂಬ ಒಪ್ಪಂದವಿದೆ. ಆದರೆ ಹಿಡಿದದ್ದು ಯಾರು ಎಂದು ನೋಡಿ. ಎಚ್ಚರಿಕೆ ವಿಂಡೋಸ್ ಜೊತೆಗೇ ಬರುವ ಆಂಟಿವೈರಸ್ ಡಿಫೆಂಡರ್ ಹೆಸರಿನಲ್ಲಿ ಬಂದರೆ ನಿಮ್ಮದು ಇನ್ನೂ ಕುರ್ಚಿ ಏರಿಲ್ಲ. ಇನ್ನೊಂದು ಆಂಟಿವೈರಸ್ ಸರಿಯಾಗಿ ನೋಂದಾಯಿಸಿಕೊಂಡ ಮೇಲೆ ಡಿಫೆಂಡರ್ ತಾನೇ ಹಿಂದೆ ಸರಿಯಬೇಕು.

ಡಿಫೆಂಡರ್ ಮಾತು ಬಂದದ್ದಕ್ಕೆ ಹೇಳುತ್ತೇನೆ: ಅಪ್‌ಡೇಟ್ ತಪ್ಪದೆ ಹಾಕುವ, ಸಿಕ್ಕ ಲಿಂಕನ್ನೆಲ್ಲ ಒತ್ತದ ಮನೆಗೆ ಅದೇ ಸಾಕು ಎಂದು ಗ್ರಾಹಕರಿಗೆ ನಾನೇ ಹೇಳುವುದುಂಟು. 4 ಜಿಬಿ ರ‍್ಯಾಮ್, ಹಳೆಯ ಹಾರ್ಡ್‌ಡಿಸ್ಕ್ ಇರುವ ಯಂತ್ರಕ್ಕೆ ‘ಟೋಟಲ್ ಸೆಕ್ಯುರಿಟಿ’ ಹೇರಿದರೆ ವೈರಸ್ಸಿಗಿಂತ ಮೊದಲು ಅದೇ ಯಂತ್ರವನ್ನು ಕೂರಿಸಿಬಿಡುತ್ತದೆ.

ಒಂದೇ ಮಾದರಿಯ ಇಪ್ಪತ್ತು ಯಂತ್ರಕ್ಕೆ ಇಮೇಜ್ (ಒಂದು ಯಂತ್ರದ ಡಿಸ್ಕಿನ ಪೂರ್ತಿ ನಕಲು) ಮಾಡಿ ಹಾಕುವವರು ಗಮನಿಸಿ: ಆಕ್ಟಿವೇಟ್ ಆದ ಆಂಟಿವೈರಸ್ ಇಮೇಜಿನ ಒಳಗೆ ಇರಕೂಡದು. ಪ್ರತಿ ಯಂತ್ರಕ್ಕೂ ಹಾರ್ಡ್‌ವೇರಿನಿಂದ ಒಂದು ಗುರುತು ಹುಟ್ಟುತ್ತದೆ. ಕ್ಲೋನ್ ಆದವೆಲ್ಲ ಒಂದೇ ಕೀ ಹಿಡಿದುಕೊಂಡು ಸರ್ವರ್ ಮುಂದೆ ನಿಂತರೆ, ಅದು ಮೊದಲಿನದನ್ನು ಬಿಟ್ಟು ಉಳಿದವನ್ನು ತಳ್ಳುತ್ತದೆ. ಇಮೇಜಿನಲ್ಲಿ ಇನ್‌ಸ್ಟಾಲರ್ ಮಾತ್ರ ಇಡಿ.

ಕನ್ನಡ ಟೈಪ್ ಮಾಡುವವರ ಯಂತ್ರದಲ್ಲಿ ಒಂದು ಹೆಚ್ಚಿನ ಕೆಲಸ. ನುಡಿ, ಬರಹದಂಥ ತಂತ್ರಾಂಶಗಳು ಒತ್ತಿದ ಕೀಲಿಯನ್ನು ನಡುವೆ ಹಿಡಿದು ಕನ್ನಡ ಮಾಡಿ ಕೊಡುತ್ತವೆ. ಪಾಸ್‌ವರ್ಡ್ ಕದಿಯುವ ಕೀಲಾಗರ್ ಕೂಡ ಒತ್ತಿದ ಕೀಲಿಯನ್ನೇ ಹಿಡಿಯುವುದು, ಹೀಗಾಗಿ ಹಳೆಯ ಆವೃತ್ತಿಗಳನ್ನು ಆಂಟಿವೈರಸ್ ಕಳ್ಳನೆಂದು ಎತ್ತಿಬಿಡಬಹುದು. ಮಾರನೇ ಬೆಳಿಗ್ಗೆ ಗ್ರಾಹಕರ ಫೋನು: ‘ಕನ್ನಡ ಬರ್ತಾ ಇಲ್ಲ ಸಾರ್’. ನುಡಿಯನ್ನು ಮೂಲದಿಂದಲೇ ಹೊಸದಾಗಿ ಇಳಿಸಿ, ಸ್ಕ್ಯಾನ್ ಮಾಡಿ, ಆಮೇಲೆ ಆ ಒಂದು ಪ್ರೋಗ್ರಾಮನ್ನು ಮಾತ್ರ ವಿನಾಯಿತಿಗೆ, ಅಂದರೆ ಆಂಟಿವೈರಸ್ ಮುಟ್ಟದೆ ಬಿಡುವ ಪಟ್ಟಿಗೆ, ಸೇರಿಸಿ. ಲೆಕ್ಕಪತ್ರದ ತಂತ್ರಾಂಶ ಟ್ಯಾಲಿಯ ಡೇಟಾ ಫೋಲ್ಡರಿಗೂ ಹಾಗೆಯೇ. ಇಡೀ ಸಿ ಡ್ರೈವನ್ನೇ ವಿನಾಯಿತಿಗೆ ಹಾಕಿ ಕೈತೊಳೆದುಕೊಂಡ ಯಂತ್ರಗಳನ್ನು ನೋಡಿದ್ದೇನೆ. ಅಲ್ಲಿ ಆಂಟಿವೈರಸ್ ಬರೀ ಅಲಂಕಾರ.

ಫಾರ್ಮ್ಯಾಟ್ ಮಾಡುವ ಮೊದಲು, ಬೋರ್ಡ್ ವಾರಂಟಿಗೆ ಕಳಿಸುವ ಮೊದಲು, ನೆಟ್ ಇರುವಾಗಲೇ ಲೈಸೆನ್ಸನ್ನು ಆ ಯಂತ್ರದಿಂದ ಬಿಡಿಸಿ (ಡೀಆಕ್ಟಿವೇಟ್ ಮಾಡಿ) ಆಂಟಿವೈರಸನ್ನು ಅನ್‌ಇನ್‌ಸ್ಟಾಲ್ ಮಾಡಿ. ಬೋರ್ಡ್ ಸತ್ತೇ ಹೋಗಿದ್ದರೆ ಹೊಸ ಬೋರ್ಡಿಗೆ ಗುರುತು ಬದಲಾಗಿರುತ್ತದೆ, ಕೀ ‘ಆಗಲೇ ಬಳಕೆಯಲ್ಲಿದೆ’ ಎನ್ನುತ್ತದೆ. ಆಗ ಕಂಪನಿಗೆ ಸೀರಿಯಲ್ ಇರುವ ಬಿಲ್ ಕಳಿಸಬೇಕು. ರಿನ್ಯೂವಲ್ ವೇಳೆ ಅವಧಿ ಇನ್ನೂ ಉಳಿದಿರುವಾಗಲೇ ಹೊಸ ಕೀ ಹಾಕಿದರೆ ಕೆಲವು ಕಂಪನಿಯಲ್ಲಿ ಉಳಿದ ದಿನ ಕೂಡುತ್ತದೆ, ಕೆಲವದರಲ್ಲಿ ಮುಳುಗುತ್ತದೆ. ಡೀಲರನ್ನು ಕೇಳದೆ ಹಾಕಬೇಡಿ.

ಇಲ್ಲಿ ಅಗ್ಗ ಎಂದು ಅಮೆರಿಕದಲ್ಲಿರುವ ಮಗನಿಗೂ ಒಂದು ಕೀ ಕಳಿಸುತ್ತೇವೆ ಎನ್ನುವ ಪೋಷಕರಿದ್ದಾರೆ. ಭಾರತಕ್ಕೆಂದು ಮಾರಿದ ಕೀ ಬೇರೆ ವಲಯದಲ್ಲಿ ಸಾಮಾನ್ಯವಾಗಿ ಆಕ್ಟಿವೇಟ್ ಆಗುವುದಿಲ್ಲ. ರಷ್ಯಾ ಮೂಲದ ಆಂಟಿವೈರಸ್ ಕ್ಯಾಸ್ಪರ್‌ಸ್ಕಿಯನ್ನಂತೂ 2024ರಲ್ಲಿ ಅಮೆರಿಕದ ಸರ್ಕಾರವೇ ನಿಷೇಧಿಸಿ, ಅದೇ ಸೆಪ್ಟೆಂಬರ್ ಕೊನೆಗೆ ಅಪ್‌ಡೇಟ್ ಕೂಡ ನಿಂತಿತು.

ಎಲ್ಲ ಮುಗಿದ ಮೇಲೆ ಕ್ಯಾಬಿನೆಟ್ಟಿನ ಪಕ್ಕಕ್ಕೆ ಒಂದು ಸ್ಟಿಕ್ಕರ್ ಅಂಟಿಸುತ್ತೇನೆ: ಆಂಟಿವೈರಸ್ ಹೆಸರು, ಕೀಯ ಕೊನೆಯ ಐದು ಅಕ್ಷರ, ಮುಗಿಯುವ ತಾರೀಖು. ಪೂರ್ತಿ ಕೀ ಬರೆಯುವುದಿಲ್ಲ. ಕಾರ್ಡು ಮತ್ತು ಬಿಲ್ಲಿನ ಪ್ರತಿ ಒಂದು ಲಕೋಟೆಯಲ್ಲಿ ಗ್ರಾಹಕರ ಕೈಗೆ, ಇನ್ನೊಂದು ಪ್ರತಿ ನನ್ನ ಫೈಲಿಗೆ.